ಸುರಂಗದ ನೀರಿನ ಸಂಶೋಧನೆಗೆ ಅನುದಾನ ಕೇಳುವಾಗ

ದೆಹಲಿಯಲ್ಲಿ ಅರ್ಜಿ ಓದುವವರಿಗೆ ಕಾಸರಗೋಡಿನ ಸುರಂಗ ಗೊತ್ತಿರಬೇಕೆಂದಿಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ ಕೊರೆದು ನೀರು ಹೊರತರುವ ಮಾರ್ಗ ಎಂದು ಮೊದಲ ಸಾಲಿನಲ್ಲೇ ಹೇಳಿ, ಕೂಡಲೇ ಪ್ರಶ್ನೆ ಇಡಿ. ‘ಸುರಂಗಗಳ ಅಧ್ಯಯನ’ ಪ್ರಶ್ನೆಯಲ್ಲ. ‘ಹತ್ತಿರ ಕೊಳವೆಬಾವಿ ಇರುವ ಸುರಂಗಗಳಲ್ಲಿ ಮಾರ್ಚ್–ಮೇ ಹರಿವು ಕಡಿಮೆಯೇ?’ ಎಂಬುದು ಪ್ರಶ್ನೆ. ಅಳೆಯುವ ವಿಧಾನ ಬಿಡಿಸಿ ಬರೆಯಿರಿ: 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು, ವಾರಕ್ಕೊಮ್ಮೆ, ಅದೇ ಹೊತ್ತಿಗೆ, ಮೂರು ಸಲದ ಸರಾಸರಿ. ಹೋಲಿಕೆಗೆ ಕೊಳವೆಬಾವಿ ದೂರವಿರುವ ಸುರಂಗಗಳೂ ಬೇಕು. ಇಲ್ಲದಿದ್ದರೆ ಮಳೆ ಕಡಿಮೆಯಾದದ್ದನ್ನು ಕೊಳವೆಬಾವಿಯ ತಲೆಗೆ ಕಟ್ಟಿದಂತಾಗುತ್ತದೆ. ತೋಟದವರ ಒಪ್ಪಿಗೆಪತ್ರ ಮೊದಲೇ ಪಡೆಯಿರಿ.

ಎಡವುವುದು ಬಜೆಟ್ಟಿನಲ್ಲಿ. ಜೆಆರ್‌ಎಫ್ (ಕಿರಿಯ ಸಂಶೋಧಕ) ವೇತನ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಉಪಕರಣ ಖರೀದಿಯನ್ನು ಮೊದಲ ವರ್ಷಕ್ಕೇ ಹಾಕಿ; ಟೆಂಡರ್ ಎಳೆದು ಬೇಸಿಗೆ ದಾಟಿತೋ, ಆ ವರ್ಷದ ಅಂಕಿಅಂಶ ಹೋಯಿತು. ಕೊಟ್ಟ ಹಣ ಹೇಗೆ ಖರ್ಚಾಯಿತೆಂಬ ಬಳಕೆ ಪ್ರಮಾಣಪತ್ರ ಕೊಡದಿದ್ದರೆ ಮುಂದಿನ ಕಂತೂ ನಿಲ್ಲುತ್ತದೆ.

ಹಣ ಕೊಡುವ ಬಾಗಿಲುಗಳು ಹಲವು: ಸಿಎಸ್‌ಐಆರ್ (ವೈಜ್ಞಾನಿಕ ಮತ್ತು ಕೈಗಾರಿಕಾ ಸಂಶೋಧನಾ ಮಂಡಳಿ) 1942ರದು, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 1971ರದು. 2008ರ ಕಾಯ್ದೆಯಿಂದ ಹುಟ್ಟಿದ ಎಸ್‌ಇಆರ್‌ಬಿ (ವಿಜ್ಞಾನ ಮತ್ತು ಎಂಜಿನಿಯರಿಂಗ್ ಸಂಶೋಧನಾ ಮಂಡಳಿ) ಈಗ 2023ರ ಕಾಯ್ದೆಯ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನದೊಳಗೆ (ಎಎನ್‌ಆರ್‌ಎಫ್) ಸೇರಿದೆ. ಗೆಳೆಯರು ಕೊಟ್ಟ ಹಳೆಯ ಎಸ್‌ಇಆರ್‌ಬಿ ನಮೂನೆಯನ್ನು ತುಂಬುತ್ತ ಕೂರಬೇಡಿ.