ಬೆಳಗಿನ ಒತ್ತಡ ನೋಡಿ ಕೂಲೆಂಟ್ ಸೋರಿಕೆ ಹಿಡಿದೆ: ನನ್ನ ಅನುಭವ

ಹೆಡ್ ಗ್ಯಾಸ್ಕೆಟ್ (ಎಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಸೀಲು) ಹೋಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಕಾರು ನೋಡಿದವರೆಲ್ಲ ಅದನ್ನೇ ದೂರಿದ್ದರು. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, ಟ್ಯೂನ್ ಆದ ಮೇಲೆ 300 ಎಚ್‌ಪಿ ಆಸುಪಾಸು. 500 ಕಿಲೋಮೀಟರ್ ಓಡಿದರೆ ಎಂಜಿನ್ ತಂಪಾಗಿಡುವ ಕೂಲೆಂಟ್ ಹೆಚ್ಚುಕಡಿಮೆ 150 ಎಂಎಲ್ ಮಾಯ. ನೆಲದ ಮೇಲೆ ಒಂದು ಹನಿ ಇಲ್ಲ. ಬಿಳಿ ಹೊಗೆ ಇಲ್ಲ, ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿಲ್ಲ, ಒಳಗೆ ಕಾರ್ಪೆಟ್ ಒದ್ದೆಯಾಗಿಲ್ಲ. ಗಾಡಿ ನಿಲ್ಲಿಸಿ ಸ್ವಲ್ಪ ಹೊತ್ತಾದ ಮೇಲೆ ಬಾನೆಟ್ ಎತ್ತಿದರೆ ಒಮ್ಮೊಮ್ಮೆ ಸಿಹಿ ವಾಸನೆ ಮೂಗಿಗೆ ಬಡಿಯುತ್ತಿತ್ತು. ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಎಲ್ಲರೂ ಮಾಡುವುದನ್ನೆಲ್ಲ ಮಾಡಿಯಾಗಿತ್ತು. ಕೂಲೆಂಟ್ ಟ್ಯಾಂಕಿನ ಕ್ಯಾಪ್ ಹೊಸದು ಹಾಕಿದೆ. ಎಂಜಿನ್ ತಣ್ಣಗಿದ್ದಾಗ ಕೈ ಪಂಪಿನಿಂದ 1.3 ಬಾರ್ ಏರಿಸಿ ಗಂಟೆಗಟ್ಟಲೆ ಬಿಟ್ಟೆ, ಮುಳ್ಳು ಅಲ್ಲಾಡಲಿಲ್ಲ. ಕೂಲೆಂಟಿಗೆ ಸಿಲಿಂಡರಿನ ಗ್ಯಾಸ್ ಸೇರಿದ್ದರೆ ಬಣ್ಣ ಬದಲಿಸುವ ಬ್ಲಾಕ್ ಟೆಸ್ಟರಿನ ನೀಲಿ ದ್ರವ ನೀಲಿಯಾಗಿಯೇ ಉಳಿಯಿತು. ಪ್ಲಗ್ ತೆಗೆದು ಬೋರೋಸ್ಕೋಪ್ (ಸಣ್ಣ ಕ್ಯಾಮೆರಾ) ಇಳಿಸಿದರೆ ನಾಲ್ಕೂ ಪಿಸ್ಟನ್ ಮೇಲೆ ಒಂದೇ ಥರದ ಮಸಿ. ಒಳಗೆ ನೀರು ಹೋಗುತ್ತಿದ್ದರೆ ಯಾವುದಾದರೂ ಒಂದು ತೊಳೆದ ಹಾಗೆ ಹೊಳೆಯಬೇಕಿತ್ತಲ್ವಾ? ಯುವಿ ಬೆಳಕಿಗೆ ಮಿನುಗುವ ಬಣ್ಣ (ಯುವಿ ಡೈ) ಹಾಕಿ ಯುವಿ ಟಾರ್ಚಿನಲ್ಲಿ ಹುಡುಕಿದೆ, ಅದೂ ಎಲ್ಲೂ ಮಿನುಗಲಿಲ್ಲ.

ಇಷ್ಟಾದರೂ ಒಂದು ವರ್ಕ್‌ಶಾಪಿನವರು ವಾಟರ್ ಪಂಪ್ ಮತ್ತು ಥರ್ಮೋಸ್ಟ್ಯಾಟ್ ಹೌಸಿಂಗ್ ಬದಲಿಸಿದರು. ಈ ಎಂಜಿನ್‌ಗೆ ಇದು ಮಾಮೂಲು ಕಾಯಿಲೆ ಎಂದರು. ಪಾರ್ಟು, ಕೂಲಿ, ಹೊಸ ಕೂಲೆಂಟ್ ಎಲ್ಲ ಸೇರಿ ನಾಲ್ಕು ಒಳ್ಳೇ ಟೈರಿನ ದುಡ್ಡು ಹೋಯಿತು. ಸೋರಿಕೆ ಒಂದು ಎಂಎಲ್ ಕೂಡ ಕಡಿಮೆಯಾಗಲಿಲ್ಲ. ಆಮೇಲೆ ಹೆಡ್ ಇಳಿಸಲು ಎಸ್ಟಿಮೇಟ್ ಕೊಟ್ಟರು. ಗ್ಯಾಸ್ಕೆಟ್, ಹೊಸ ಹೆಡ್ ಬೋಲ್ಟ್, ಸ್ಕಿಮ್ಮಿಂಗ್ (ಹೆಡ್ಡಿನ ಮುಖ ಸಮ ಮಾಡುವುದು), ಜೊತೆಗೆ ಟೈಮಿಂಗ್ ಕಿಟ್. ಪಂಪಿಗೆ ಆದದ್ದರ ಐದಾರು ಪಟ್ಟು. ಕಾರಣವೇ ಗೊತ್ತಿಲ್ಲದೆ ಹೆಡ್ ಬಿಚ್ಚಲು ನನಗೆ ಮನಸ್ಸು ಒಪ್ಪಲಿಲ್ಲ. ಗಾಡಿ ವಾಪಸ್ ತಂದೆ.

ನನ್ನ ಯೋಚನೆ ಇಷ್ಟೇ. ತಣ್ಣಗಿರುವಾಗ ಸೋರುವುದಿಲ್ಲ, ಓಡುವಾಗ ಸೋರುವ ಗುರುತಿಲ್ಲ. ಹಾಗಾದರೆ ಉಳಿದದ್ದು ನಿಲ್ಲಿಸಿದ ಮೇಲಿನ ಸಮಯ. ಎಂಜಿನ್ ಆಫ್ ಆದ ಮೇಲೆ ಟರ್ಬೊದಲ್ಲಿ ಬಿಸಿ ಹೊಗೆ ಹಾಯುವ ಟರ್ಬೈನ್ ಕಡೆಯ ಶಾಖವೆಲ್ಲ ಅದರ ನಡುವಿನ ಹೌಸಿಂಗ್‌ಗೆ ಹರಿಯುತ್ತದೆ. ಅಲ್ಲಿರುವ ಕೂಲೆಂಟ್ ಕುದಿಯಲು ನೋಡುತ್ತದೆ. ನೀರು, ಗ್ಲೈಕಾಲ್ ಅರ್ಧಕ್ಕರ್ಧ ಇರುವ ಮಿಶ್ರಣ, ಹೊರಗಿನ ಗಾಳಿಗಿಂತ 1 ಬಾರ್ ಹೆಚ್ಚಿನ ಒತ್ತಡದಲ್ಲಿ ಕುದಿಯುವುದು 129 ಡಿಗ್ರಿ ಹತ್ತಿರ. ಟರ್ಬೊ ಒಳಗೆ ಅಷ್ಟು ಬಿಸಿ ಏನೂ ದೊಡ್ಡದಲ್ಲ. ಆ ಹೊತ್ತಿನಲ್ಲಿ ಏನು ನಡೆಯುತ್ತದೆ ಎಂದು ಯಾರೂ ಅಳೆದಿರಲಿಲ್ಲ.

3 ಬಾರ್ ವರೆಗೆ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಒಂದು ಸುಮ್ನೆ ಬಿದ್ದಿತ್ತು. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ಬ್ಲೀಡ್ ಹೋಸಿಗೆ ಟೀ (ಮೂರು ಬಾಯಿಯ ಜೋಡಣೆ) ಹಾಕಿ ಅದನ್ನು ಎತ್ತರದಲ್ಲಿ ಕಟ್ಟಿದೆ. ಅದರ ಓದನ್ನೂ ಕೂಲೆಂಟಿನ ತಾಪವನ್ನೂ ಒಂದೇ ಲಾಗರಿಗೆ (ಅಂಕಿ ದಾಖಲಿಸುವ ಸಾಧನ) ಕೊಟ್ಟೆ. ಕ್ಯಾಪಿನಲ್ಲಿ ಎರಡು ವಾಲ್ವ್ ಇರುತ್ತದೆ. ಒತ್ತಡ ಹೊರಗೆ ಬಿಡುವುದನ್ನು ಮುಟ್ಟಲೇ ಇಲ್ಲ, ಅದನ್ನು ಮುಚ್ಚಿದರೆ ಟ್ಯಾಂಕ್ ಸಿಡಿದು ಮುಖಕ್ಕೆ ಹಾರುತ್ತದೆ. ತಣ್ಣಗಾದಾಗ ಗಾಳಿ ಒಳಗೆ ಎಳೆಯುವ ಸಣ್ಣ ವಾಲ್ವನ್ನು ಮಾತ್ರ ತಡೆದೆ, ಇಲ್ಲದಿದ್ದರೆ ಆ ಗಾಳಿ ಬೆಳಗಿನ ಓದನ್ನು ಕೆಡಿಸುತ್ತದೆ. ಕ್ಯಾಪ್ ಹಾಳಾಗದಂತೆ ಅದನ್ನು ತಡೆದದ್ದು ಹೇಗೆ ಎನ್ನುವುದು ನನ್ನ ಹತ್ತಿರವೇ ಇರಲಿ. ಓವರ್‌ಫ್ಲೋ ನಳಿಕೆಗೆ ಪೈಪ್ ಹಾಕಿ ಒಣ ಬಾಟಲಿಗೆ ಬಿಟ್ಟೆ. ಬಾಟಲಿ ಕೊನೆಯವರೆಗೂ ಒಣಗಿಯೇ ಇತ್ತು. ಅಲ್ಲಿಗೆ ಕ್ಯಾಪಿನ ಮೇಲಿನ ಅನುಮಾನ ಮುಗಿಯಿತು.

ಈಗ ಅಸಲು ವಿಷಯ. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ಕ್ಯಾಪ್ ಮುಚ್ಚಿ ಒತ್ತಡ ಬರೆದುಕೊಳ್ಳಬೇಕು. ದಿನದಲ್ಲಿ ಒಂದೇ ಸಲ ಚೆನ್ನಾಗಿ ಓಡಿಸಿ ನಿಲ್ಲಿಸಬೇಕು. ಮರುದಿನ ಬೆಳಿಗ್ಗೆ ಕ್ಯಾಪ್ ಮುಟ್ಟದೆ ಮತ್ತೆ ಓದಬೇಕು. ಓದಿದ್ದು ನಿನ್ನೆಗಿಂತ ಜಾಸ್ತಿ ಇದ್ದರೆ ಹೊರಗಿನಿಂದ ಏನೋ ಒಳಗೆ ಬಂದಿದೆ, ಅಂದರೆ ಸಿಲಿಂಡರಿನ ಗ್ಯಾಸ್. ಆಗ ಹೆಡ್ ಗ್ಯಾಸ್ಕೆಟ್ ಮೇಲೆ ಕಣ್ಣಿಡಿ. ಒತ್ತಡ ಅಷ್ಟೇ ಇದ್ದು ಮಟ್ಟ ಇಳಿದಿದ್ದರೆ ತಣ್ಣಗಾದ ಮೇಲೂ ಗಾಳಿ ಎಳೆಯುವ ತೂತು ಎಲ್ಲೋ ಇದೆ. ನಿನ್ನೆಗಿಂತ ಕಡಿಮೆ ಬಂದರೆ ಬಿಸಿಯಲ್ಲಿ ಕೂಲೆಂಟ್ ಹೊರಗೆ ಹೋಗಿದೆ, ತಣ್ಣಗಾಗುವಾಗ ದಾರಿ ಮುಚ್ಚಿಕೊಂಡಿದೆ.

ನನ್ನದು ಕಡಿಮೆ ಬಂತು. ನೆನಪಿದ್ದಂತೆ 0.05 ಬಾರ್ ಕಡಿಮೆ. ಟ್ಯಾಂಕಿನ ಮೇಲ್ಭಾಗದ ಗಾಳಿ ಅರ್ಧ ಲೀಟರ್ ಎಂದುಕೊಂಡರೆ 25 ಎಂಎಲ್ ಹೋದ ಲೆಕ್ಕ. ಸಿರಿಂಜಿನಲ್ಲಿ ಮಟ್ಟಕ್ಕೆ ತುಂಬಿಸಿದಾಗ ಹಿಡಿದದ್ದು 30ರ ಹತ್ತಿರ. ಒತ್ತಡ ಕಡಿಮೆಯಾದಾಗ ಹೋಸ್‌ಗಳು ಸ್ವಲ್ಪ ಒಳಕ್ಕೆ ಕುಗ್ಗುತ್ತವೆ, ಆ ವ್ಯತ್ಯಾಸ ಸಹಜ. ಎರಡು ಬೆಳಿಗ್ಗೆಯ ಎಂಜಿನ್ ತಾಪ ಒಂದೇ ಇರಬೇಕು ಎನ್ನುವುದನ್ನು ಮಾತ್ರ ಮರೆಯಬೇಡಿ. 10 ಡಿಗ್ರಿ ಹೆಚ್ಚುಕಡಿಮೆ ಆದರೆ ಕೂಲೆಂಟ್ ಹಿಗ್ಗುವುದು ಕುಗ್ಗುವುದೇ ಈ ಅಂಕಿಯನ್ನು ನುಂಗಿಹಾಕುತ್ತದೆ. ಹಾಗೆ ಬಂದ ಓದನ್ನು ನಾನು ಎಸೆದೆ.

ಲಾಗ್ ಕೂಡ ಅದನ್ನೇ ಹೇಳಿತು. ಆಕ್ಸಿಲರೇಟರ್ ಒತ್ತಿದಾಗ ಒತ್ತಡ ಜಿಗಿಯಲಿಲ್ಲ, ತಾಪದ ಹಿಂದೆ ನಿಧಾನವಾಗಿ ನಡೆಯಿತು. ಅತಿ ಹೆಚ್ಚು ಒತ್ತಡ ಬಂದದ್ದು ಓಡುವಾಗಲ್ಲ, ಆಫ್ ಮಾಡಿ ಕೆಲವು ನಿಮಿಷದ ಮೇಲೆ, 1.1 ಬಾರ್ ಸುಮಾರು. ಕ್ಯಾಪ್ 1.4ರದ್ದು.

ನಡುವೆ ಒಂದು ಪ್ರಯೋಗ ಮಾಡಿದೆ. ನಿಲ್ಲಿಸುವ ಮೊದಲು ಎರಡು ಮೂರು ನಿಮಿಷ ಐಡ್ಲಿಂಗ್ ಬಿಟ್ಟೆ. ನಷ್ಟ ಅರ್ಧಕ್ಕೆ ಇಳಿಯಿತು! ಟರ್ಬೊ ಮೇಲಿನ ಅನುಮಾನ ಗಟ್ಟಿಯಾಯಿತು. ಹಳೇ ಆಯಿಲನ್ನು ಲ್ಯಾಬಿಗೂ ಕಳಿಸಿದ್ದೆ. ಕೂಲೆಂಟ್ ಸೇರಿದ್ದರೆ ಸೋಡಿಯಂ, ಪೊಟ್ಯಾಸಿಯಂ ಏರುತ್ತದೆ. ಎರಡೂ ತಳದಲ್ಲಿದ್ದವು. ಹೆಡ್ ಬಿಚ್ಚುವ ಮುಂಚೆ ಈ ಪರೀಕ್ಷೆಯನ್ನಂತೂ ಎಲ್ಲರೂ ಮಾಡಿಸಲೇಬೇಕು, ಖರ್ಚು ಏನೇನೂ ಅಲ್ಲ.

ಇನ್ನು ಜಾಗ ಹುಡುಕುವುದು. ಡೈ ಏಕೆ ಮಿನುಗಲಿಲ್ಲ ಎಂದರೆ, ಬಿಸಿ ಹೌಸಿಂಗ್ ಮೇಲೆ ಹನಿ ಬಿದ್ದ ಕೂಡಲೇ ನೀರು ಆವಿಯಾಗುತ್ತದೆ, ಡೈ ಸುಟ್ಟುಹೋಗುತ್ತದೆ. ಅದಕ್ಕೆ ವೆಲ್ಡಿಂಗ್ ಬಿರುಕು ನೋಡಲು ಬಳಸುವ ಬಿಳಿ ಡೆವಲಪರ್ ಸ್ಪ್ರೇ ತಂದೆ. ಹೀಟ್ ಶೀಲ್ಡ್ ತೆಗೆಯುವುದೇ ದೊಡ್ಡ ಗೋಳು. ರಾತ್ರಿಯಿಡೀ ಎಣ್ಣೆ ಕುಡಿಸಿದರೂ ಒಂದು ಬೋಲ್ಟ್ ತುಂಡಾಯಿತು. ಸ್ಪ್ರೇಗೆ ಬೆಂಕಿ ಬೇಗ ಹತ್ತುತ್ತದೆ. ಎಂಜಿನ್ ತಣ್ಣಗಿರುವಾಗ ಮಾತ್ರ ಹೊಡೆಯಬೇಕು, ಪೂರ್ತಿ ಒಣಗುವವರೆಗೆ ಸ್ಟಾರ್ಟ್ ಮಾಡಬಾರದು. ಪದರ ಎಷ್ಟು ತೆಳ್ಳಗಿರಬೇಕು ಎನ್ನುವುದು ಕೈ ಪಳಗಿದ ಮೇಲೆ ತಾನೇ ಗೊತ್ತಾಗುತ್ತದೆ.

ಓಡಿಸಿ, ನಿಲ್ಲಿಸಿ, ತಣ್ಣಗಾದ ಮೇಲೆ ಕನ್ನಡಿ ಹಿಡಿದು ನೋಡಿದೆ. ಟರ್ಬೊದಿಂದ ಕೂಲೆಂಟ್ ವಾಪಸ್ ಹೋಗುವ ಪೈಪನ್ನು ಹಿಡಿಯುವ ಟೊಳ್ಳು ಬೋಲ್ಟ್ (ಬ್ಯಾಂಜೊ ಬೋಲ್ಟ್), ಅದರ ಒಳಬದಿಯ ವಾಷರ್. ಅಲ್ಲಿಂದ ಕೂದಲಿನಷ್ಟು ಸಣ್ಣ ಗುಲಾಬಿ ಗೆರೆ ಹೊರಟು ಟರ್ಬೈನ್ ಕಡೆಗೆ ಬಾಗಿತ್ತು. ತುದಿ ಕಂದು ಬಣ್ಣಕ್ಕೆ ಸುಟ್ಟಿತ್ತು. ಉಳಿದೆಲ್ಲ ಕಡೆ ಸುಣ್ಣ ಬಳಿದಷ್ಟು ಬಿಳುಪು. ಅಷ್ಟು ದಿನದ ಹುಡುಕಾಟಕ್ಕೆ ಆ ಒಂದು ಗೆರೆ ಸಾಕಾಯಿತು.

ಬಿಚ್ಚಿದಾಗ ವಾಷರಿನ ಮುಕ್ಕಾಲು ಭಾಗ ಹೊಳೆಯುವ ಉಂಗುರ, ಉಳಿದ ಕಾಲು ಭಾಗ ಮಂಕು. ಬೋಲ್ಟ್ ತೂರುವ, ಪೈಪಿನ ತುದಿಯ ಬಳೆಯ (ಬ್ಯಾಂಜೊ ಕಣ್ಣು) ಮುಖದ ಮೇಲೆ ಅಡ್ಡ ಗೀರು ಇತ್ತು. ಗಾಜಿನ ಹಲಗೆ ಮೇಲೆ 1000 ನಂಬರ್ ಎಮರಿ ಪೇಪರ್ ಇಟ್ಟು, ಎಣ್ಣೆ ಹಾಕಿ, ಗೀರು ಮಾಯವಾಗುವವರೆಗೆ ತಿಕ್ಕಿದೆ. ಎರಡೂ ಬದಿಗೆ ಹೊಸ ತಾಮ್ರದ ವಾಷರ್ ಹಾಕಿ ಟಾರ್ಕ್ ಕೊಟ್ಟು ಬಿಗಿದೆ. ಹಳೇ ತಾಮ್ರದ ವಾಷರನ್ನು ಕೆಂಪಗೆ ಕಾಯಿಸಿ ನೀರಿಗೆ ಹಾಕಿದರೆ ಮತ್ತೆ ಮೆತ್ತಗಾಗುತ್ತದೆ, ಬೇರೆ ಕಡೆ ಹಾಕಿ ನೋಡಿದ್ದೇನೆ, ಚೆನ್ನಾಗಿಯೇ ಹಿಡಿಯುತ್ತದೆ. ಆದರೆ ಕೈ ಹೋಗದ ಇಂಥ ಜಾಗಕ್ಕೆ ಹೊಸದೇ ಸರಿ. ವಾಷರ್‌ಗಳ ಬೆಲೆ ವಾಟರ್ ಪಂಪಿಗೆ ಸುರಿದ ದುಡ್ಡಿನ ನೂರರಲ್ಲಿ ಒಂದು ಪಾಲೂ ಅಲ್ಲ.

ಆಮೇಲೆ ಬೆಳಗಿನ ಒತ್ತಡ ಹಿಂದಿನ ದಿನದಷ್ಟೇ ಬಂತು. ಟ್ರ್ಯಾಕ್ ಮೇಲೆ ಜೋರಾಗಿ ಓಡಿಸಿ, ತಣ್ಣಗೆ ಮಾಡದೆ ತಕ್ಷಣ ಆಫ್ ಮಾಡಿಯೂ ನೋಡಿದೆ. ಮಟ್ಟ ಗುರುತಿನಿಂದ ಇಳಿಯಲಿಲ್ಲ. ಕೆಲವು ಸಾವಿರ ಕಿಲೋಮೀಟರ್ ಆಯಿತು, ಹಾಗೇ ಇದೆ.

ಇದು ನಿನ್ನ ಗಾಡಿಗೆ ಮಾತ್ರ ಎಂದು ಒಬ್ಬ ಗೆಳೆಯ ವಾದ ಮಾಡಿದ. ಅವನ ಕಾರಿಗೂ ಸೆನ್ಸರ್ ಕಟ್ಟಿದೆ. ಅದರಲ್ಲಿ ಬೆಳಿಗ್ಗೆ ಹಿಂದಿನ ದಿನಕ್ಕಿಂತ 0.2 ಬಾರ್ ಹೆಚ್ಚಿತ್ತು, ಆಕ್ಸಿಲರೇಟರ್ ಒತ್ತಿದ ಕೂಡಲೇ ಒತ್ತಡ ಏರುತ್ತಿತ್ತು. ಹೆಡ್ ಇಳಿಸು ಎಂದೆ. ಎರಡು ಮತ್ತು ಮೂರನೇ ಸಿಲಿಂಡರ್ ನಡುವೆ ಗ್ಯಾಸ್ಕೆಟ್ ಸುಟ್ಟು ನೀರಿನ ತೂತಿನವರೆಗೆ ಬಾಯಿ ಬಿಟ್ಟಿತ್ತು.