ಸಂತೆಯ ಹಿಂದಿನ ಸಂಜೆಯೇ ತಲುಪಿ: ಮೋಟರ್‌ಹೋಮ್‌ನಲ್ಲಿ ನೈಋತ್ಯ ಫ್ರಾನ್ಸ್ ಸುತ್ತುವುದು ಹೇಗೆ?

ಬೇಸಿಗೆಯ ಶನಿವಾರ ಬೆಳಗ್ಗೆ ಹನ್ನೊಂದರ ಹೊತ್ತಿಗೆ ಸಾರ್ಲಾ ಪಟ್ಟಣದಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಾಣುತ್ತದೆ. ಏಳು ಮೀಟರ್ ಉದ್ದದ ಬಾಡಿಗೆ ಮೋಟರ್‌ಹೋಮ್ ಫೋನಿನ ನಕ್ಷೆಯನ್ನು ನಂಬಿ ಎರಡು ಕಲ್ಲುಗೋಡೆಗಳ ನಡುವೆ ಸಿಕ್ಕಿಕೊಂಡಿರುತ್ತದೆ. ಹಿಂದೆ ಕಾರುಗಳ ಸಾಲು. ಹೇಗೋ ಬಿಡಿಸಿಕೊಂಡು, ಜಾಗ ಹುಡುಕಿ, ನಡೆದು ಬರುವಷ್ಟರಲ್ಲಿ ಸಂತೆಯ ಒಳ್ಳೆಯ ಸ್ಟ್ರಾಬೆರಿ ಖಾಲಿ, ಹೋಟೆಲುಗಳ ಒಲೆಯೂ ಆರಿರುತ್ತದೆ. ನಾನಿರುವುದು ಟುಲೂಸ್‌ನಲ್ಲಿ. ಬೆಂಗಳೂರು, ಮೈಸೂರುಗಳಿಂದ ಗಾಡಿ ಬಾಡಿಗೆಗೆ ಹಿಡಿದು ಬರುವ ನೆಂಟರಿಷ್ಟರಿಗೆ ನಾನು ಹೇಳುವುದು ಇಷ್ಟೇ: ಮೋಟರ್‌ಹೋಮ್‌ನ ದೊಡ್ಡ ಲಾಭ ಓಡಿಸುವುದರಲ್ಲಿಲ್ಲ, ಊರಬಾಗಿಲಲ್ಲಿ ಮಲಗುವುದರಲ್ಲಿದೆ. ಹಿಂದಿನ ಸಂಜೆ ತಲುಪಿ, ಬೆಳಗ್ಗೆ ನಡೆದು ಒಳಗೆ ಹೋಗಿ.

1. ನಕ್ಷೆಗಿಂತ ಮೊದಲು ಸಂತೆಯ ವಾರ ನೋಡಿ

ಇಲ್ಲಿ ಪ್ರತಿ ಊರಿಗೂ ತನ್ನದೇ ಸಂತೆಯ ದಿನವಿದೆ. ದಾರಿಯನ್ನು ಅದರ ಮೇಲೆ ಹೆಣೆಯಿರಿ. ನಾನು ಶಿಫಾರಸು ಮಾಡುವ ವಾರ ಹೀಗೆ: ಬುಧವಾರ ಸಾರ್ಲಾ, ಗುರುವಾರ ಮೊಂಪಾಜಿಯೇ, ಶನಿವಾರ ಕಾವೋರ್, ಭಾನುವಾರ ಸೇಂತ್-ಆಂತೊನಾಂ-ನೋಬ್ಲ್-ವಾಲ್, ಸೋಮವಾರ ಕಾಸ್ಟೆಲ್ನೋದಾರಿ. ಶುಕ್ರವಾರ ಖಾಲಿ ಬಿಡಿ, ಬಟ್ಟೆ ಒಗೆಯಲು ಬೇಕು. ಸಾರ್ಲಾದಲ್ಲಿ ಶನಿವಾರವೂ ಸಂತೆ ಇದೆ, ಅದೇ ದೊಡ್ಡದು. ಆದರೆ ಜುಲೈ, ಆಗಸ್ಟ್‌ನಲ್ಲಿ ಬುಧವಾರವೇ ಲೇಸು. ಇನ್ನೂ ಒಳ್ಳೆಯದು ಬೇಕೆಂದರೆ ಮೇ ಅಥವಾ ಸೆಪ್ಟೆಂಬರ್‌ನಲ್ಲಿ ಬನ್ನಿ.

2. ಚಿಕ್ಕ ಗಾಡಿ ಹಿಡಿಯಿರಿ

ಇಬ್ಬರೇ ಆದರೆ ಆರು ಮೀಟರ್ ಒಳಗಿನ ವ್ಯಾನ್ ಸಾಕು. ನಾಲ್ವರಿಗೆ ಏಳು ಮೀಟರ್. ಅದಕ್ಕಿಂತ ಉದ್ದ ಬೇಡವೇ ಬೇಡ. ಚಾಲಕನ ತಲೆಯ ಮೇಲೆ ಹಾಸಿಗೆ ಇರುವ ಎತ್ತರದ ಮಾದರಿ ಮಕ್ಕಳಿಗೆ ಇಷ್ಟ, ಮರದ ಕೊಂಬೆಗಳಿಗೂ ಇಷ್ಟ. ಸಾಮಾನ್ಯ ಕಾರಿನ ಲೈಸೆನ್ಸ್‌ನಲ್ಲಿ ಓಡಿಸಬಹುದಾದ ಒಟ್ಟು ತೂಕ 3.5 ಟನ್. ನೂರು ಲೀಟರ್ ನೀರು ಎಂದರೆ ನೂರು ಕೆಜಿ ಎಂಬುದನ್ನು ಮರೆತು, ಟ್ಯಾಂಕ್ ತುಂಬಿಸಿ ಮೇಲೆ ನಾಲ್ಕು ದೊಡ್ಡ ಸೂಟ್‌ಕೇಸ್ ಹೇರಿದರೆ ಮಿತಿ ದಾಟುತ್ತದೆ. ಮೆತ್ತನೆಯ ಬ್ಯಾಗ್‌ಗಳಲ್ಲಿ ತನ್ನಿ, ಸೂಟ್‌ಕೇಸ್ ಇಡಲು ಒಳಗೆ ಜಾಗವೂ ಇರುವುದಿಲ್ಲ.

ಭಾರತದ ಲೈಸೆನ್ಸ್ ಜೊತೆಗೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನೂ ಮಾಡಿಸಿಕೊಳ್ಳಿ.

3. ರಸ್ತೆ

ಬಲಗಡೆ ಓಡಿಸಬೇಕು, ಗೇರ್ ಬಲಗೈಗೆ ಬರುತ್ತದೆ. ಮೊದಲ ದಿನ ಐವತ್ತು ಕಿಲೋಮೀಟರ್‌ಗಿಂತ ಹೆಚ್ಚು ಬೇಡ. ನಡುವೆ ವಿಭಜಕವಿಲ್ಲದ ಎರಡು ಸಾಲಿನ ರಸ್ತೆಗಳಲ್ಲಿ 2018ರಿಂದ ವೇಗದ ಮಿತಿ 80. ಕೆಲವು ಜಿಲ್ಲೆಗಳು ಮತ್ತೆ 90ಕ್ಕೆ ಏರಿಸಿವೆ, ಫಲಕ ನೋಡಿ. ಹಳ್ಳಿಯೊಳಗೆ ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಎಷ್ಟೇ ಕಿರುದಾರಿಯಿಂದ ಬಂದರೂ ಅವರಿಗೆ ಬಿಡಲೇಬೇಕು.

4. ಊರು ಸೇರುವ ಬಗೆ

ಎಲ್ಲರೂ ಎಡವುವುದು ಇಲ್ಲೇ, ಆದ್ದರಿಂದ ನಿಧಾನವಾಗಿ ಓದಿ.

ಹೊರಡುವ ಮುನ್ನ ಮೂರು ಅಂಕಿಗಳನ್ನು ಚೀಟಿಯಲ್ಲಿ ಬರೆದು ಸ್ಟೀರಿಂಗ್ ಹತ್ತಿರ ಅಂಟಿಸಿ: ಗಾಡಿಯ ಎತ್ತರ, ಕನ್ನಡಿಗಳೂ ಸೇರಿದ ಅಗಲ, ಉದ್ದ. ಎಷ್ಟೋ ಪಾರ್ಕಿಂಗ್ ಜಾಗಗಳ ಬಾಗಿಲಲ್ಲಿ ಎರಡು ಮೀಟರ್ ಎತ್ತರಕ್ಕೆ ಅಡ್ಡಪಟ್ಟಿ ಇರುತ್ತದೆ. ನಿಮ್ಮ ಗಾಡಿ ಮೂರು ಮೀಟರ್ ಹತ್ತಿರ ಇರುತ್ತದೆ. ಕಾರಿಗೆಂದು ಮಾಡಿದ ಫೋನ್ ನಕ್ಷೆಗೆ ಇದಾವುದೂ ಗೊತ್ತಿಲ್ಲ. ಅದು ಹತ್ತಿರದ ದಾರಿ ತೋರಿಸುತ್ತದೆ, ಅಂದರೆ ಹದಿಮೂರನೇ ಶತಮಾನದ ಓಣಿ. ಅಳತೆ ನಮೂದಿಸಬಹುದಾದ ದೊಡ್ಡ ವಾಹನಗಳ ನಕ್ಷೆಯನ್ನು ಬಳಸಿ.

ನಕ್ಷೆಯಲ್ಲಿ ಊರಿನ ಹೆಸರನ್ನು ಗುರಿಯಾಗಿ ಹಾಕಬೇಡಿ. ಹಾಕಿದರೆ ಅದು ನಿಮ್ಮನ್ನು ನೇರ ಚರ್ಚಿನ ಮುಂದೆ ಒಯ್ಯುತ್ತದೆ. ಊರಿನ ಹೊರಗಿರುವ 'ಏರ್ ದ ಕ್ಯಾಂಪಿಂಗ್-ಕಾರ್', ಅಂದರೆ ಪುರಸಭೆಗಳು ಮೋಟರ್‌ಹೋಮ್‌ಗಳಿಗಾಗಿ ಮಾಡಿರುವ ತಂಗುದಾಣವನ್ನು ಗುರಿಯಾಗಿ ಹಾಕಿ. ಕೆಲವು ಉಚಿತ, ಹೆಚ್ಚಿನವಕ್ಕೆ ಸಣ್ಣ ಶುಲ್ಕ. ಸಂಜೆ ನಾಲ್ಕರೊಳಗೆ ತಲುಪಿ. ಆರಕ್ಕೆ ಬಂದರೆ ಬೇಸಿಗೆಯಲ್ಲಿ ಜಾಗ ಇರುವುದಿಲ್ಲ. ತುಂಬಿದ್ದರೆ ಹೋಗಲು ಇನ್ನೊಂದು ಜಾಗದ ವಿಳಾಸ ಮೊದಲೇ ಕೈಯಲ್ಲಿರಲಿ.

'ಸೋಫ್ ರಿವರಾಂ' ಎಂಬ ಫಲಕ ಕಂಡರೆ ಅಲ್ಲೇ ನಿಲ್ಲಿ. ಅದು ನಿವಾಸಿಗಳಿಗೆ ಮಾತ್ರ. ಆದರೂ ಓಣಿ ಹೊಕ್ಕಾಯಿತು ಎನ್ನಿ. ಆಗ ಧೈರ್ಯ ಮಾಡಿ ಮುಂದೆ ಹೋಗಬೇಡಿ. ಮುಂದೆ ಅಗಲವಾಗುತ್ತದೆ ಎಂಬ ಆಸೆಯೇ ಗಾಡಿಗಳನ್ನು ಸಿಕ್ಕಿಸುವುದು. ಅಪಾಯದ ದೀಪ ಹಾಕಿ, ಒಬ್ಬರು ಇಳಿದು ಹಿಂದೆ ನಿಂತು ಕೈ ತೋರಿಸಲಿ, ಹಿಮ್ಮುಖವಾಗಿ ಬನ್ನಿ. ಇಳಿದವರು ಬರೀ ನೆಲ ನೋಡಿದರೆ ಸಾಲದು. ಹಳೆಯ ಮನೆಗಳ ಮೇಲಂತಸ್ತು ಬೀದಿಯ ಮೇಲೆ ಚಾಚಿರುತ್ತದೆ, ಗಾಡಿಯ ಚಾವಣಿಯ ಮೂಲೆ ತಾಗುವುದು ಅದಕ್ಕೇ. ಚಾವಣಿಗೆ ಆದ ಹಾನಿಯನ್ನು ಎಷ್ಟೋ ಬಾಡಿಗೆ ಒಪ್ಪಂದಗಳು ವಿಮೆಯಿಂದ ಹೊರಗಿಟ್ಟಿರುತ್ತವೆ, ಸಹಿ ಮಾಡುವ ಮೊದಲು ಆ ಸಾಲು ಓದಿ.

ಇನ್ನು ಬಾಲದ ವಿಷಯ. ಹಿಂದಿನ ಚಕ್ರದಿಂದ ಆಚೆಗೆ ಗಾಡಿಯ ಮೈ ಬಹಳ ಉದ್ದಕ್ಕೆ ಚಾಚಿರುತ್ತದೆ. ಬಲಕ್ಕೆ ಜೋರಾಗಿ ತಿರುಗಿಸಿದರೆ ಬಾಲ ಎಡಕ್ಕೆ ಬೀಸುತ್ತದೆ. ಮುಂಭಾಗ ಮೂಲೆ ದಾಟಿತೆಂದು ನೆಮ್ಮದಿಯಾಗುವ ಹೊತ್ತಿಗೆ ಹಿಂಭಾಗ ಪಕ್ಕದ ಕಾರನ್ನು ಗೀರಿರುತ್ತದೆ. ಬಾಡಿಗೆಗೆ ಹಿಡಿದ ದಿನ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಇದೊಂದನ್ನೇ ಅಭ್ಯಾಸ ಮಾಡಿ.

ಕೊನೆಯ ಬಲೆ ಸಂತೆಯ ಚೌಕವೇ. ಸಂಜೆ ಅದು ಖಾಲಿ ಪಾರ್ಕಿಂಗ್ ಜಾಗದಂತೆ ಕಾಣುತ್ತದೆ. ಕಂಬದ ಮೇಲೆ 'ಮಾರ್ಶೇ', ಅಂದರೆ ಸಂತೆ, ಎಂದು ಬರೆದು ವಾರ, ಗಂಟೆ ಕೊಟ್ಟಿದ್ದರೆ ನಸುಕಿನಲ್ಲೇ ಜಾಗ ತೆರವು ಮಾಡಿಸುತ್ತಾರೆ, ಗಾಡಿ ಎಳೆದೊಯ್ಯುತ್ತಾರೆ.

ಪಾರ್ಕಿಂಗ್ ಜಾಗದಲ್ಲಿ ನಿಂತಾಗ ಕುರ್ಚಿ, ಮೇಜು, ನೆರಳುಬಟ್ಟೆ ಹೊರಗೆ ಹಾಕಬೇಡಿ. ನಿಲ್ಲಿಸುವುದು ಬೇರೆ, ಬಿಡಾರ ಹೂಡುವುದು ಬೇರೆ. ಎರಡನೆಯದಕ್ಕೆ ಕ್ಯಾಂಪ್‌ಸೈಟ್ ಇದೆ. ಹೊರಗೆ ಕೂರುವ ಆಸೆಯಿದ್ದರೆ 'ಫ್ರಾನ್ಸ್ ಪ್ಯಾಸಿಯೋಂ' ಎಂಬ ವ್ಯವಸ್ಥೆಯ ವಾರ್ಷಿಕ ಸದಸ್ಯತ್ವ ತೆಗೆದುಕೊಳ್ಳಿ. ದ್ರಾಕ್ಷಿ ಬೆಳೆಗಾರರು, ರೈತರು ತಮ್ಮ ಹೊಲದಲ್ಲಿ ಒಂದು ರಾತ್ರಿ ಉಚಿತವಾಗಿ ನಿಲ್ಲಲು ಬಿಡುತ್ತಾರೆ. ಕೊಳ್ಳಲೇಬೇಕೆಂದಿಲ್ಲ. ಆದರೆ ಇಳಿದ ಕೂಡಲೇ ಹೋಗಿ ನಮಸ್ಕಾರ ಹೇಳಬೇಕು. ಹೇಳದೆ ಮಲಗುವುದು ಅವಮಾನ.

5. ನೀರು, ಕೊಳೆ

ಮೊದಲು ಸ್ವಂತ ಪೈಪಿನಿಂದ ಕುಡಿಯುವ ನೀರು ತುಂಬಿಸಿ, ಆಮೇಲೆ ಬಚ್ಚಲ ನೀರು ಬಿಡಿ, ಕಡೆಗೆ ಶೌಚದ ಕ್ಯಾಸೆಟ್, ಅಂದರೆ ಕಳಚಿ ಒಯ್ಯುವ ಮಲದ ಪೆಟ್ಟಿಗೆ, ಖಾಲಿ ಮಾಡಿ. ಈ ಕ್ರಮ ತಪ್ಪಿಸಬೇಡಿ. 'ಓ ಪೊತಾಬ್ಲ್', ಅಂದರೆ ಕುಡಿಯುವ ನೀರು, ಎಂದು ಬರೆದ ನಲ್ಲಿಗೆ ಕ್ಯಾಸೆಟ್ ಹಿಡಿಯುವವರನ್ನು ನೋಡಿದ್ದೇನೆ. ನಿಮ್ಮ ನಂತರ ಅದೇ ನೀರು ಇನ್ನೊಬ್ಬರ ಮಗುವಿನ ಹಾಲಿಗೆ ಹೋಗುತ್ತದೆ. ನೀರು ಕೊಡುವ ಕೆಲವು ಯಂತ್ರಗಳಿಗೆ ನಾಣ್ಯ ಸಾಲದು, ಪ್ರವಾಸಿ ಕಚೇರಿಯಲ್ಲೋ ಬೇಕರಿಯಲ್ಲೋ ಬಿಲ್ಲೆ ಕೊಳ್ಳಬೇಕು, ಮುಚ್ಚುವ ಮೊದಲೇ ಕೊಂಡಿಡಿ. ಕ್ಯಾಸೆಟ್‌ಗೆ ಬ್ಲೀಚ್ ಸುರಿಯಬೇಡಿ, ರಬ್ಬರ್ ಹಾಳಾಗಿ ಸೋರುತ್ತದೆ. ಅಗ್ಗದ ಚಪ್ಪಟೆ ಮಡಚುವ ಪೈಪ್ ಕೊಳ್ಳಬೇಡಿ, ತಿರುಚಿಕೊಂಡು ನೀರು ನಿಲ್ಲುತ್ತದೆ.

6. ನಡೆಯಿರಿ, ನೋಡಿ, ತಿನ್ನಿ

ಬೆಳಗ್ಗೆ ಎಂಟಕ್ಕೆ ಹೊರಡಿ. ಸಾರ್ಲಾದ ಜೇನುಬಣ್ಣದ ಕಲ್ಲಿನ ಮನೆಗಳು ಉಳಿದುಕೊಂಡಿದ್ದರ ಹಿಂದೆ 1962ರ ಮಾಲ್ರೋ ಕಾನೂನಿದೆ. ಒಂಟಿ ಕಟ್ಟಡಗಳನ್ನಲ್ಲ, ಇಡೀ ಬಡಾವಣೆಗಳನ್ನೇ ಉಳಿಸಬೇಕೆಂದ ಆ ಕಾನೂನಿನ ನೆರವು ಮೊದಮೊದಲು ಪಡೆದ ಪಟ್ಟಣಗಳಲ್ಲಿ ಇದೊಂದು. ಅಲ್ಲಿನ ಸೇಂತ್-ಮರೀ ಚರ್ಚನ್ನು ವಾಸ್ತುಶಿಲ್ಪಿ ಜಾನ್ ನೂವೆಲ್ ಮಾರುಕಟ್ಟೆಯಾಗಿ ಬದಲಿಸಿದರು. ಅದರ ಭಾರೀ ಬಾಗಿಲುಗಳನ್ನು ನೋಡಲೆಂದೇ ಹೋಗಬಹುದು. ಮೊಂಪಾಜಿಯೇಯನ್ನು 1284ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಸ್ಥಾಪಿಸಿದ. ಚೌಕದ ಮರದ ಮಂಟಪದಲ್ಲಿ ಧಾನ್ಯ ಅಳೆಯುತ್ತಿದ್ದ ಹಳೆಯ ಅಳತೆಪಾತ್ರೆಗಳು ಈಗಲೂ ಇವೆ. ಕಾವೋರ್‌ನಲ್ಲಿ ಕೆಥೆಡ್ರಲ್ ಮುಂದೆಯೇ ಸಂತೆ. ಅದು ಮುಗಿದ ಮೇಲೆ ಮೂರು ಗೋಪುರಗಳ ವಾಲೆಂತ್ರೇ ಸೇತುವೆಗೆ ನಡೆಯಿರಿ.

ಊಟ ಮಧ್ಯಾಹ್ನವೇ ಮಾಡಿ, ರಾತ್ರಿಗಿಂತ ಅಗ್ಗ. ಹನ್ನೆರಡೂವರೆಗೆ ಕೂತುಬಿಡಿ. ಕೇಳಿದರೆ ನಲ್ಲಿಯ ನೀರು ಜಗ್‌ನಲ್ಲಿ ಉಚಿತವಾಗಿ ಕೊಡುತ್ತಾರೆ. ಮಾಂಸ ತಿನ್ನುವವರಿಗೆ ಬಾತುಕೋಳಿ ಕಾನ್ಫಿ (ತನ್ನದೇ ಕೊಬ್ಬಿನಲ್ಲಿ ನಿಧಾನವಾಗಿ ಬೇಯಿಸಿದ ಮಾಂಸ), ಕಾಸ್ಟೆಲ್ನೋದಾರಿಯ ಕಾಸುಲೇ (ಬಿಳಿ ಕಾಳು, ಮಾಂಸ ಸೇರಿಸಿ ಬೇಯಿಸಿದ ಖಾದ್ಯ) ಬಿಟ್ಟು ಬೇರೆ ಹೇಳುವ ಅಗತ್ಯವಿಲ್ಲ.

ಸಸ್ಯಾಹಾರಿಗಳು ಗಮನಿಸಿ. ಸಾರ್ಲಾದ ಪ್ರಸಿದ್ಧ ಆಲೂಗಡ್ಡೆ ಹುರಿಯುವುದು ಬಾತುಕೋಳಿಯ ಕೊಬ್ಬಿನಲ್ಲಿ. ಕೊಬ್ಬನ್ನು ಮಾಂಸವೆಂದು ಬಡಿಸುವವರು ಎಣಿಸುವುದಿಲ್ಲ, ಆದ್ದರಿಂದ 'ಸಾಂ ವಿಯಾಂದ್' (ಮಾಂಸವಿಲ್ಲದೆ) ಎಂದರೆ ಸಾಲದು, 'ಸಾಂ ಗ್ರೆಸ್ ದ ಕನಾರ್' (ಬಾತುಕೋಳಿಯ ಕೊಬ್ಬಿಲ್ಲದೆ) ಎಂದೂ ಹೇಳಿ. ಹೆಚ್ಚಿನ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಹೆಪ್ಪುಗಟ್ಟಿಸುವುದು ಎಳೆಗರು, ಕುರಿಮರಿಗಳ ಹೊಟ್ಟೆಯಿಂದ ತೆಗೆದ ರೆನೆಟ್‌ನಿಂದ. ತಿನ್ನುವುದು ಬಿಡುವುದು ನಿಮ್ಮ ನಿರ್ಧಾರ, ತಿಳಿದು ಮಾಡಿ. ಆಕ್ರೋಟು, ಕೆರ್ಸಿಯ ಕರ್ಬೂಜ, ಮ್ವಾಸಾಕ್‌ನ ದ್ರಾಕ್ಷಿ, ಲೋತ್ರೆಕ್‌ನ ಗುಲಾಬಿ ಬೆಳ್ಳುಳ್ಳಿಗೆ ಈ ಚಿಂತೆಯಿಲ್ಲ.

ಊರಿಂದ ಹುಳಿಪುಡಿ, ಸಣ್ಣ ಕುಕ್ಕರ್ ತನ್ನಿ. ತುಪ್ಪ ತರಬೇಡಿ, ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಯುರೋಪಿಯನ್ ಒಕ್ಕೂಟದೊಳಗೆ ತರುವಂತಿಲ್ಲ, ಇಲ್ಲಿನ ಬೆಣ್ಣೆ ಕಾಯಿಸಿಕೊಳ್ಳಿ. ಸೋಮವಾರ ಕಾಸ್ಟೆಲ್ನೋದಾರಿಯ ಸಂತೆಯಲ್ಲಿ ಕಾಸುಲೇಗೆ ಹಾಕುವ ಬಿಳಿ ಲಾಂಗೋ ಕಾಳು ಸಿಗುತ್ತದೆ. ಒಂದು ಕೆಜಿ ಕೊಂಡು ರಾತ್ರಿ ನೆನೆಹಾಕಿ. ಸಿಪ್ಪೆ ತೆಳು, ಬೆಂದರೂ ಒಡೆಯುವುದಿಲ್ಲ. ಆ ಕಾಳಿಗೆ ಲೋತ್ರೆಕ್ ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು ಹುಳಿ ಮಾಡಿ, ಬೇಕರಿಯ ಬಿಸಿ ಬ್ರೆಡ್ ಜೊತೆ ತಿನ್ನಿ.