ಅಪ್‌ಲೋಡ್ ತಾರೀಖು ನಂಬಿ ಕೆಟ್ಟೆ

ಕಲಬುರಗಿಯ ಪದವಿ ಕಾಲೇಜೊಂದರಲ್ಲಿ ನಾನು ಗ್ರಂಥಪಾಲಕ. ಪಿಎಚ್‌ಡಿಗೆ ಆರಿಸಿಕೊಂಡದ್ದು ಪಿಎಚ್‌ಡಿಗಳನ್ನೇ. ಗ್ರಂಥಾಲಯ ವಿಜ್ಞಾನದಲ್ಲಿ ಯಾವ ಕಾಲಕ್ಕೆ ಯಾವ ವಿಷಯದ ಮೇಲೆ ಸಂಶೋಧನೆ ಆಗಿದೆ ಎಂಬ ಲೆಕ್ಕ. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ದೇಶದ ಪಿಎಚ್‌ಡಿ ಪ್ರಬಂಧಗಳ ಆನ್‌ಲೈನ್ ಭಂಡಾರ ಶೋಧಗಂಗಾ ಇದೆಯಲ್ಲ, ಕೂತಲ್ಲೇ ಮುಗಿಯುತ್ತದೆ ಅಂದುಕೊಂಡಿದ್ದೆ.

ಎಕ್ಸೆಲ್ ಶೀಟ್ ತುಂಬಿಸಿ ಗ್ರಾಫ್ ತೆಗೆದೆ. ಗೆರೆ ಬಹಳ ದೂರ ನೆಲ ಹಿಡಿದು ಬಂದು ಥಟ್ಟನೆ ಮೇಲೆದ್ದಿತ್ತು. ಖುಷಿಯಿಂದ ಗೈಡ್‌ಗೆ ತೋರಿಸಿದರೆ ಅವರು ಕನ್ನಡಕ ಮೇಲೇರಿಸಿ, “ಒಮ್ಮಿಗೇ ಇಷ್ಟ ಮಂದಿಗಿ ಡಾಕ್ಟರೇಟ್ ಹ್ಯಾಂಗ ಬಂತ್ರೀ?” ಅಂದರು. ನೋಡಿದರೆ ನಾನು ಬರೆದುಕೊಂಡದ್ದು ಅಪ್‌ಲೋಡ್ ತಾರೀಖು! ಪ್ರಬಂಧದ ಇ-ಪ್ರತಿ ಕೊಡಬೇಕೆಂಬ ಯುಜಿಸಿ ನಿಯಮ ಬಂದದ್ದೇ 2009ರಲ್ಲಿ. ಹಳೆಯವು ಆಮೇಲೆ ಸ್ಕ್ಯಾನ್ ಆಗಿ ಕಂತೆಗಟ್ಟಲೆ ಏರಿದವು. ತೊಂಬತ್ತರ ದಶಕದ ಪ್ರಬಂಧ ನನ್ನ ಶೀಟಿನಲ್ಲಿ ಮೊನ್ನೆ ಹುಟ್ಟಿದ ಕೂಸು. ಏಪ್ರಿಲ್ ಬಿಸಿಲಿನಲ್ಲಿ ಒಂದೊಂದೇ ಮುಖಪುಟ ತೆರೆದು ಇಸವಿ ತಿದ್ದಿದೆ.

ಹುಡುಕುವಾಗಲೂ ಒಂದು ತೊಡಕು. ಒಂದು ಕಡೆ ವಿಭಾಗದ ಹೆಸರು ‘ಗ್ರಂಥಾಲಯ ವಿಜ್ಞಾನ’, ಇನ್ನೊಂದು ಕಡೆ ಅದಕ್ಕೆ ‘ಮಾಹಿತಿ’ಯೂ ಸೇರಿರುತ್ತದೆ. ಎರಡರಲ್ಲೂ ಹುಡುಕಬೇಕು.

ಮುಂದೆ ವರ್ಗೀಕರಣ. ಶೀರ್ಷಿಕೆ ನೋಡಿ ವಿಷಯ ಹಚ್ಚುತ್ತಾ ಹೋದೆ. ಒಂದು ಪ್ರಬಂಧದ ಹೆಸರಿನ ತುಂಬ ಕೃಷಿಯೇ ಇತ್ತು, ‘ಕೃಷಿ ಗ್ರಂಥಾಲಯ’ಕ್ಕೆ ಹಾಕಿದೆ. ಅನುಮಾನ ಬಂದು ನಾಲ್ಕನೇ ಅಧ್ಯಾಯ ತೆರೆದರೆ ನಿಯತಕಾಲಿಕೆಗಳನ್ನು ಮೂರು ವಲಯ ಮಾಡಿದ ಕೋಷ್ಟಕ. ಒಂದು ವಿಷಯದ ಲೇಖನಗಳು ಯಾವ ನಿಯತಕಾಲಿಕೆಗಳಲ್ಲಿ ಎಷ್ಟು ಹರಡಿವೆ ಎಂದು ಹೇಳುವ 1934ರ ಬ್ರಾಡ್‌ಫರ್ಡ್ ನಿಯಮ, ಅಂದರೆ ಬರಹಗಳನ್ನು ಎಣಿಸಿ ಅಳೆಯುವ ಅಪ್ಪಟ ಬಿಬ್ಲಿಯೊಮೆಟ್ರಿಕ್ಸ್. ಅಂದಿನಿಂದ ಸಾರಾಂಶ, ವಿಧಾನದ ಅಧ್ಯಾಯ ಎರಡನ್ನೂ ಓದದೆ ಯಾವುದಕ್ಕೂ ವಿಷಯ ಹಚ್ಚಿಲ್ಲ.

ಆ ಅಧ್ಯಾಯ ಓದತೊಡಗಿದ ಮೇಲೆಯೇ ನಿಜವಾದ ಸಂಗತಿ ಕಂಡದ್ದು. ಶೀರ್ಷಿಕೆಗಳಲ್ಲಿ ಗಣಕೀಕರಣ ಹೋಗಿ ಇಂಟರ್ನೆಟ್ ಬಂತು, ಇಂಟರ್ನೆಟ್ ಹೋಗಿ ಇ-ಸಂಪನ್ಮೂಲ ಬಂತು. ಒಳಗೆ ಮಾತ್ರ ಅದೇ ಪ್ರಶ್ನಾವಳಿ, ಅದೇ ಶೇಕಡಾವಾರು, ಅದೇ ಕೈ-ಸ್ಕ್ವೇರ್ ಎಂಬ ಅಂಕಿಅಂಶ ಪರೀಕ್ಷೆ. ಕಾಲೇಜಿನ ಹೆಸರು ಬದಲಾಯಿಸಿದರೆ ಇನ್ನೊಂದು ಪ್ರಬಂಧ. ಇದನ್ನು ‘ಪ್ರವೃತ್ತಿ ಬದಲಾಗಿದೆ’ ಎಂದು ಬರೆಯಲು ಕೈ ಬರಲಿಲ್ಲ. ವಿಷಯಕ್ಕೊಂದು, ವಿಧಾನಕ್ಕೊಂದು ಎಂದು ಎರಡು ಕಾಲಂ ಮಾಡಿದೆ.

ಕೊನೆಗೆ ಗೆಳೆಯನೊಬ್ಬನಿಗೆ ಹತ್ತು ಪ್ರಬಂಧ ಕೊಟ್ಟು, ನಾನು ಹಚ್ಚಿದ ವಿಷಯ ತೋರಿಸದೆ ವರ್ಗೀಕರಿಸಲು ಹೇಳಿದೆ. ಆರಕ್ಕಷ್ಟೇ ನಮ್ಮಿಬ್ಬರ ಉತ್ತರ ಕೂಡಿತು. ಉಳಿದ ನಾಲ್ಕರ ಮೇಲೆ ಚಹಾ ಆರುವವರೆಗೂ ವಾದ. ಆ ವಾದದಿಂದ ಹುಟ್ಟಿದ ನಿಯಮಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟು, ಇಡೀ ಶೀಟನ್ನು ಮತ್ತೆ ಮೊದಲ ಸಾಲಿನಿಂದ ಹಿಡಿದೆ.